ಕಲ್ಲಿನ ಬೂದು, ಕಾರ್ಡಿನ ಒತ್ತಕ್ಷರ

ಚಿತ್ರಕಲೆ ಮತ್ತು ವಿನ್ಯಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ದುರ್ಗದ ಕೋಟೆಯ ಬಂಡೆಗಳನ್ನು ಜಲವರ್ಣದಲ್ಲಿ ಬಿಡಿಸುತ್ತಿದ್ದೇನೆ. ಎಷ್ಟು ತಿದ್ದಿದರೂ ಬಂಡೆ ಸಿಮೆಂಟ್ ಮೂಟೆಯ ಹಾಗೆ ಕಾಣುತ್ತದೆ. ಬೂದು ಬಣ್ಣಕ್ಕೆ ಜೀವವೇ ಇಲ್ಲ. ಏನು ಮಾಡಲಿ?
— ಕಲಾ ವಿದ್ಯಾರ್ಥಿನಿ, ಚಿತ್ರದುರ್ಗ

ಬಹುಶಃ ನೀವು ಕಪ್ಪಿಗೆ ಬಿಳಿ ಬೆರೆಸುತ್ತಿದ್ದೀರಿ, ಇಲ್ಲವೇ ರೆಡಿಮೇಡ್ ಪೇನ್ಸ್ ಗ್ರೇ ಹಚ್ಚುತ್ತಿದ್ದೀರಿ. ಎರಡೂ ಹಾಳೆಯ ಮೇಲೆ ಒಂದೇ ಸಮ ಕೂರುತ್ತವೆ. ಬಂಡೆಯ ಮೈ ಎಲ್ಲೂ ಒಂದೇ ಸಮ ಇರುವುದಿಲ್ಲ. ಅಲ್ಟ್ರಾಮರೀನ್ ನೀಲಿ, ಕೆಂಗಂದಿನ ಬರ್ನ್ಟ್ ಸಿಯೆನಾ ಇವೆರಡೇ ಟ್ಯೂಬ್ ಇಟ್ಟುಕೊಳ್ಳಿ. ನೀಲಿ ಹೆಚ್ಚಾದರೆ ನೆರಳಿನ ತಣ್ಣನೆ ಬೂದು, ಸಿಯೆನಾ ಹೆಚ್ಚಾದರೆ ಬಿಸಿಲು ಬಿದ್ದ ಮಗ್ಗುಲು. ಪ್ಯಾಲೆಟ್ಟಿನಲ್ಲಿ ಪೂರ್ತಿ ಕಲಸಬೇಡಿ, ಅರೆಬರೆ ಬೆರೆಸಿ ಹಾಳೆಗೆ ಬಿಡಿ. ಅಲ್ಟ್ರಾಮರೀನ್ ಕಣಗಳು ಹಾಳೆಯ ತಗ್ಗುಗಳಿಗೆ ಇಳಿದು ತರಿತರಿಯಾಗುತ್ತವೆ. ಗ್ರಾನೈಟಿಗೆ ಬೇಕಾದದ್ದು ಅದೇ. ಹಾಳೆ 300 ಜಿಎಸ್‌ಎಂ ಕೋಲ್ಡ್ ಪ್ರೆಸ್, ಅಂದರೆ ತರಿ ಮೈಯ ದಪ್ಪ ಹಾಳೆ ಆಗಿರಲಿ. ಸಾಮಾನ್ಯ ಡ್ರಾಯಿಂಗ್ ಶೀಟ್ ನೀರು ಕುಡಿದು ಉಬ್ಬುತ್ತದೆ, ಬಣ್ಣವೆಲ್ಲ ಹಳ್ಳಕ್ಕೆ ಓಡುತ್ತದೆ.

ಮೂರು ಪದರ ಸಾಕು. ಮೊದಲನೆಯದು ತೀರಾ ತೆಳು ಸಿಯೆನಾ. ಬಿಸಿಲು ನೇರ ಬೀಳುವ ನೆತ್ತಿಯ ಅಂಚನ್ನು ಬಿಳಿಯಾಗೇ ಬಿಟ್ಟು ಇಡೀ ಬಂಡೆಗೆ ಹರಿಸಿ. ಪೂರ್ತಿ ಒಣಗಿದ ಮೇಲೆ ನೆರಳಿನ ಬದಿ. ಅದರ ಹೊರ ಅಂಚು ಚೂಪಾಗಿರಲಿ, ಒಳ ಅಂಚನ್ನು ಬರಿ ನೀರಿನ ಬ್ರಷ್‌ನಿಂದ ಕರಗಿಸಿ. ಬಂಡೆಗೆ ಗುಂಡುತನ ಬರುವುದು ಈ ಕರಗಿದ ಅಂಚಿನಿಂದ. ಬಿರುಕು, ಮಳೆನೀರು ಇಳಿದು ಮೂಡಿದ ಕಪ್ಪು ಪಟ್ಟೆ, ಇವೆಲ್ಲ ಮೂರನೆಯ ಪದರಕ್ಕೆ, ಅದೂ ಒಣ ಬ್ರಷ್‌ನಲ್ಲಿ. ಹೆಚ್ಚಿನವರು ಬಿರುಕಿನಿಂದಲೇ ಶುರು ಮಾಡುತ್ತಾರೆ, ಆಮೇಲೆ ಬಂಡೆ ಚಪ್ಪಟೆಯಾಯಿತೆಂದು ಕೊರಗುತ್ತಾರೆ. ಬಿರುಕು ನೆಟ್ಟಗೆ ಹೋಗುವುದಿಲ್ಲ, ಬಂಡೆಯ ಮೈ ಬಾಗಿದತ್ತ ಬಾಗುತ್ತದೆ.

ಕೂರುವ ಹೊತ್ತೂ ಮುಖ್ಯ. ಬೆಳಗ್ಗೆ 9ರೊಳಗೆ ಅಥವಾ ಸಂಜೆ 4ರ ನಂತರ ಬೆಳಕು ಪಕ್ಕದಿಂದ ಬರುತ್ತದೆ, ಆಗ ಪ್ರತಿ ಬಂಡೆಗೂ ಅದರದೇ ನೆರಳು. ನಡು ಮಧ್ಯಾಹ್ನ ಎಂಥ ಕಲಾವಿದರಿಗೂ ಅಲ್ಲಿ ಆಕಾರ ಸಿಗುವುದಿಲ್ಲ. ಏಪ್ರಿಲ್–ಮೇ ಬಿಸಿಲಿನಲ್ಲಿ ಬಣ್ಣ ಆಚೆ ತುದಿ ಮುಟ್ಟುವ ಮೊದಲೇ ಈಚೆ ತುದಿ ಒಣಗಿ ಗೆರೆ ಕಟ್ಟುತ್ತದೆ. ಹಾಳೆ 7×11 ಇಂಚಿಗಿಂತ ದೊಡ್ಡದು ಬೇಡ, ಬ್ರಷ್ ಮಾತ್ರ 12ನೇ ನಂಬರಿನದು ಇರಲಿ. ಅರೆ ಒಣಗಿದ ಬಣ್ಣಕ್ಕೆ ಮತ್ತೆ ನೀರು ತಾಗಿಸಿದರೆ ಆ ನೀರು ಬಣ್ಣವನ್ನು ಅಂಚಿಗೆ ತಳ್ಳಿ ಕಲೆ ಮಾಡುತ್ತದೆ. ಹೊಳಪು ಹೋದರೆ ಒಣಗಿತೆಂದು ಅರ್ಥವಲ್ಲ. ಅಂಗೈ ಹಿಂಬದಿ ಇಟ್ಟು ನೋಡಿ, ತಣ್ಣಗಿದ್ದರೆ ಇನ್ನೂ ಹಸಿ.

ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಕೋರೆಲ್‌ನಲ್ಲಿ ನುಡಿ ಫಾಂಟ್ ಬಳಸಿದರೆ ಸರಿ, ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ಚಿಕ್ಕ ಅಕ್ಷರ ಪ್ರಿಂಟ್‌ನಲ್ಲಿ ಮಸುಕಾಗುತ್ತದೆ.
— ಡಿಟಿಪಿ ಆಪರೇಟರ್, ದಾವಣಗೆರೆ

‘ಜ್ಯೇಷ್ಠ ಪುತ್ರ’, ‘ಮುಹೂರ್ತ’, ‘ಆಶೀರ್ವಾದ’ ಈ ಮೂರು ಪದ ಟೈಪ್ ಮಾಡಿದರೆ ನಿಮ್ಮ ಸಾಫ್ಟ್‌ವೇರ್‌ನ ಬಂಡವಾಳ ಬಯಲಾಗುತ್ತದೆ. ಯೂನಿಕೋಡ್‌ನಲ್ಲಿ ಅಕ್ಷರ ಜೋಡಿಸುವ ಕೆಲಸ ಫಾಂಟ್ ಮತ್ತು ಸಾಫ್ಟ್‌ವೇರ್ ಇಬ್ಬರದೂ. ಹಳೆಯ ಕೋರೆಲ್ ಆವೃತ್ತಿಗಳಿಗೆ ಆ ಕೆಲಸ ಬರುವುದಿಲ್ಲ. ಇನ್‌ಡಿಸೈನ್‌ನಲ್ಲಾದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಇಲಸ್ಟ್ರೇಟರ್‌ನಲ್ಲಿ ಟೈಪ್ ಪ್ರಿಫರೆನ್ಸ್‌ಗೆ ಹೋಗಿ ಮೊದಲು ಇಂಡಿಕ್ ಆಯ್ಕೆ ಆನ್ ಮಾಡಿ. ಹಳೆ ಕೋರೆಲ್ಲೇ ಗತಿ ಎಂದಾದರೆ ನುಡಿಯಲ್ಲೇ ಮುಂದುವರಿಯಿರಿ, ಅವಮಾನವೇನಿಲ್ಲ. ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಯೂನಿಕೋಡ್ ಪಠ್ಯವನ್ನು ಕನ್ವರ್ಟರ್‌ನಲ್ಲಿ ಹಾಕಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ತಪ್ಪು ನುಸುಳುವುದು ಅಲ್ಲೇ.

ಸಾಲಿನ ಅಂತರವನ್ನು ಸಾಫ್ಟ್‌ವೇರ್ ಇಂಗ್ಲಿಷ್ ಲೆಕ್ಕದಲ್ಲಿ 120% ಇಟ್ಟಿರುತ್ತದೆ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು ಎರಡೂ ಇರುವುದರಿಂದ 12 ಪಾಯಿಂಟ್ ಅಕ್ಷರಕ್ಕೆ 17–18 ಪಾಯಿಂಟ್ ಕೊಡಿ. ಅಗಲಕ್ಕೆ ಹಿಗ್ಗಿಸಲೆಂದು ಅಕ್ಷರಗಳ ನಡುವೆ ಜಾಗ ತುಂಬಬೇಡಿ, ಒತ್ತು ಮೂಲಾಕ್ಷರದಿಂದ ಜಾರುತ್ತದೆ.

ಮಸುಕಿಗೆ ಕಾರಣ ಸಾಮಾನ್ಯವಾಗಿ ಕಪ್ಪು. ಆಫ್‌ಸೆಟ್‌ಗೆ ಹೋಗುವ ಕಪ್ಪು ಅಕ್ಷರ ಕೆ 100, ಅಂದರೆ ಬರಿ ಕಪ್ಪು ಶಾಯಿ ಮಾತ್ರ ಇರಬೇಕು. ಆರ್‌ಜಿಬಿ (ಪರದೆಯ ಬಣ್ಣ) ಕಪ್ಪನ್ನು ಹಾಗೇ ಮುದ್ರಣದ ಬಣ್ಣಕ್ಕೆ ಬದಲಿಸಿದರೆ ಅದು ನಾಲ್ಕು ಶಾಯಿಗೂ ಹಂಚಿಹೋಗುತ್ತದೆ, ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರಕ್ಕೆ ಬಣ್ಣದ ಅಂಚು ಮೂಡುತ್ತದೆ. ಮರೂನ್ ಮೇಲೆ ಬಿಳಿ ಅಕ್ಷರವಾದರೆ 10 ಪಾಯಿಂಟ್‌ಗಿಂತ ಚಿಕ್ಕದು ಬೇಡ, ತೆಳು ಗೆರೆಯ ಫಾಂಟಂತೂ ಬೇಡವೇ ಬೇಡ. ಶಾಯಿ ಹರಡಿ ‘ಷ್ಠ’ದ ಹೊಟ್ಟೆ ತುಂಬಿಹೋಗುತ್ತದೆ. ಚಿನ್ನದ ಬಣ್ಣ ನಾಲ್ಕು ಶಾಯಿಯಲ್ಲಿ ಹುಟ್ಟುವುದಿಲ್ಲ, ಸಿಗುವುದು ಸಾಸಿವೆ ಬಣ್ಣವೇ. ಹೊಳಪು ಬೇಕಿದ್ದರೆ ಫಾಯಿಲ್, ಇಲ್ಲವೇ ಸ್ಕ್ರೀನ್ ಪ್ರಿಂಟಿಂಗ್. ಕಾರ್ಡಿನ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಬಿಡಿ, ಅಕ್ಷರ ಕಟಿಂಗ್ ಗೆರೆಯಿಂದ 5 ಮಿ.ಮೀ. ಒಳಗಿರಲಿ. ಕೊನೆಗೆ ಅಕ್ಷರಗಳನ್ನು ಕರ್ವ್ ಮಾಡಿಯೇ (ತಿದ್ದಲಾಗದ ಆಕಾರವಾಗಿ ಬದಲಿಸಿಯೇ) ಪಿಡಿಎಫ್ ಕಳಿಸಿ, ತಿದ್ದಬಲ್ಲ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ಹುಡುಗಿಯ ಸೋದರಮಾವನ ಹೆಸರು ಬಿಟ್ಟುಹೋಗಿದೆ ಎಂಬ ಫೋನ್ ಬರುವುದು ಕರ್ವ್ ಮಾಡಿದ ಮೇಲೆಯೇ.

ಗೂಗಲ್ ಫಾಂಟ್ಸ್‌ನಲ್ಲಿರುವ ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ‘ಬಾಲೂ ತಮ್ಮ’ ಈ ಮೂರು ಫಾಂಟೂ ವ್ಯಾಪಾರದ ಕೆಲಸಕ್ಕೂ ಉಚಿತ. ‘ಬೆಣ್ಣೆ’ (Benne) ಎಂಬ ಫಾಂಟೂ ಅಲ್ಲಿದೆ. ದಾವಣಗೆರೆಯವರು ಹೆಸರಿಗಾದರೂ ಒಮ್ಮೆ ಬಳಸಬೇಕು.

ದಿನವಿಡೀ ಫ್ಲೆಕ್ಸ್, ವಿಸಿಟಿಂಗ್ ಕಾರ್ಡ್. ಸಂಜೆ ನನ್ನದೇ ಚಿತ್ರಕ್ಕೆ ಕೂತರೆ ಏನೂ ಹೊಳೆಯುವುದಿಲ್ಲ. ಸ್ಫೂರ್ತಿ ಎಲ್ಲಿಂದ ತರಲಿ?
— ಗ್ರಾಫಿಕ್ ಡಿಸೈನರ್, ದಾವಣಗೆರೆ

ದಣಿದ ಕಣ್ಣಿಗೆ ಖಾಲಿ ಹಾಳೆ ತೋರಿಸಿದರೆ ಏನು ಹೊಳೆದೀತು? ಮೊಬೈಲಿನಲ್ಲಿ ಬೇರೆಯವರ ಕೆಲಸ ನೋಡುತ್ತಾ ಕೂತರೆ ಹೊಳೆಯುವುದೂ ಅವರದೇ. ಭಾನುವಾರ ಹೊರಗೆ ಹೋಗಿ ಸಾಮಗ್ರಿ ಕೂಡಿಡಿ, ವಾರದ ಸಂಜೆಗಳಲ್ಲಿ ಅದನ್ನು ಬಳಸಿ.

ಹರಿಹರ ಪಕ್ಕದಲ್ಲೇ ಇದೆ. ಹರಿಹರೇಶ್ವರ ದೇವಸ್ಥಾನ 1224ರ ಹೊತ್ತಿನದು, ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅಲ್ಲಿನ ಕಡೆದ ಕಂಬಗಳಲ್ಲಿ ಒಂದೇ ಒಂದನ್ನು ಆರಿಸಿ. ಇಡೀ ಕಂಬ ಬೇಡ, ಎಡಬದಿಯ ಅಂಚಿನ ಗೆರೆಯನ್ನಷ್ಟೇ ಬುಡದಿಂದ ತಲೆಯವರೆಗೆ ಬಿಡಿಸಿ: ಎಲ್ಲಿ ಉಬ್ಬಿದೆ, ಎಲ್ಲಿ ಕೊರೆದಿದೆ, ಎಲ್ಲಿ ಚಕ್ರದಂಥ ಅಂಚು ಹೊರಚಾಚಿದೆ. ಮನೆಗೆ ಬಂದು ಆ ಗೆರೆಯನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿ, ಮಡಚಿ ಇನ್ನೊಂದು ಬದಿಗೆ ಎತ್ತಿಕೊಳ್ಳಿ. ಅಡ್ಡ ಮಲಗಿಸಿದರೆ ಬಾರ್ಡರ್, ಒಂದು ತುಣುಕು ಕತ್ತರಿಸಿ ಸುತ್ತ ತಿರುಗಿಸಿದರೆ ಲಾಂಛನ. ಸಂತೇಬೆನ್ನೂರಿನ ಪುಷ್ಕರಣಿಯಲ್ಲಿ ಮೆಟ್ಟಿಲಿನ ಗೆರೆಗಳು, ನಡುವಿನ ಮಂಟಪ, ನೀರಿನಲ್ಲಿ ಅದರ ಬಿಂಬ ಇವೆ. ಅಲ್ಲಿ ಪೆನ್ಸಿಲ್ ಬಿಟ್ಟು ಕಪ್ಪು ಕಾಗದ ಕತ್ತರಿಸಿಯೇ ಚಿತ್ರ ಮಾಡಿ ನೋಡಿ.

ಫೋಟೊ ತೆಗೆಯಿರಿ, ಆದರೆ ಬಿಡಿಸಿದ ಮೇಲೆ. ಬಣ್ಣಗಳನ್ನು ಪಕ್ಕದಲ್ಲಿ ಮಾತಿನಲ್ಲೇ ಬರೆದುಕೊಳ್ಳಿ. ಕ್ಯಾಮೆರಾ ನೆರಳನ್ನೆಲ್ಲ ಕಪ್ಪು ಮಾಡಿಬಿಡುತ್ತದೆ. ಒಂದು ತಿಂಗಳು ಒಂದೇ ವಸ್ತು ಹಿಡಿಯಿರಿ. ಮೊದಲ ನಾಲ್ಕೈದು ಚಿತ್ರ ಎಲ್ಲರೂ ಮಾಡುವಂಥವೇ ಆಗಿರುತ್ತವೆ, ಬೇಸರ ಬಂದ ಮೇಲಿನವು ನಿಮ್ಮವು.

ಅಂಗಡಿಯೊಂದಕ್ಕೆ ಗೋಡೆಚಿತ್ರ ಬರೆದುಕೊಟ್ಟೆ. ಈಗ ಅದನ್ನೇ ಕೈಚೀಲಗಳ ಮೇಲೆ ಅಚ್ಚು ಹಾಕಿಸಿದ್ದಾರೆ. ಕೇಳಬಹುದೇ?
— ಕಲಾವಿದ, ಹಿರಿಯೂರು

ಮಾತಿನಲ್ಲೇ ಮುಗಿದ ಕೆಲಸವಾಗಿದ್ದರೆ ನಿಮ್ಮ ಪಟ್ಟು ಸಡಿಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಮುಂದಿನ ಬಾರಿ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ: ಚಿತ್ರ ಈ ಗೋಡೆಗೆ ಮಾತ್ರ, ಹಕ್ಕು ಕಲಾವಿದರದು, ಚೀಲ–ಕ್ಯಾಲೆಂಡರಿಗೆ ಬಳಸಿದರೆ ಬೇರೆ ದರ, ಎರಡು ತಿದ್ದುಪಡಿ ಉಚಿತ, ಮೂರನೆಯದಕ್ಕೆ ಇಷ್ಟು. ಹಕ್ಕು ಬರೆದುಕೊಡುವುದಾದರೆ ಅವಧಿಯನ್ನೂ ನಮೂದಿಸಿ. ನಮೂದಿಸದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಎಣಿಸುತ್ತದೆ.