ಟವರ್‌ಗೆ ಟ್ರಾಫಿಕ್ ಗೊತ್ತಾಗುವುದು ಹೇಗೆ?

ಪ್ರಶ್ನೆ: ಜಿಪಿಎಸ್ ಆಫ್ ಇದ್ದರೂ ಮೊಬೈಲ್ ನೆಟ್‌ವರ್ಕ್‌ನಿಂದಲೇ ವಾಹನಗಳ ವೇಗ ಅಳೆಯಬಹುದಂತೆ, ನಿಜವೇ?

ಉತ್ತರ: ನಿಜ. ಮಾತಾಡುತ್ತಲೋ ಡೇಟಾ ಬಳಸುತ್ತಲೋ ಸಾಗುವ ಫೋನನ್ನು ಒಂದು ಸೆಲ್ (ಟವರ್‌ನ ಸಿಗ್ನಲ್ ತಲುಪುವ ಒಂದು ಪ್ರದೇಶ) ಮುಂದಿನ ಸೆಲ್‌ಗೆ ಒಪ್ಪಿಸುತ್ತದೆ. ಇದೇ ಹ್ಯಾಂಡೋವರ್. ಒಂದು ರಸ್ತೆಯಲ್ಲಿ ಇದು ಹೆಚ್ಚುಕಡಿಮೆ ಅದದೇ ಜಾಗದಲ್ಲಿ ನಡೆಯುತ್ತದೆ. ಜಿಪಿಎಸ್ ಇರುವ ವಾಹನವನ್ನು ಹಲವು ಸಲ ಓಡಿಸಿ ಆ ಜಾಗಗಳನ್ನು ಮೊದಲೇ ಗುರುತಿಸಿಕೊಳ್ಳಬೇಕು. ಅಂಥ ಎರಡು ಜಾಗಗಳ ನಡುವಿನ 2.4 ಕಿ.ಮೀ. ದಾಟಲು 3 ನಿಮಿಷ ಹಿಡಿದರೆ ವೇಗ ಗಂಟೆಗೆ 48 ಕಿ.ಮೀ. ಎರಡೂ ತುದಿಯಲ್ಲಿ ಜಾಗ 150 ಮೀಟರ್ ಆಚೀಚೆಯಾದರೆ ಒಟ್ಟು 300 ಮೀಟರ್‌ವರೆಗೆ, ಅಂದರೆ ಶೇ 12.5ರವರೆಗೆ ತಪ್ಪು. ಅಂತರ 600 ಮೀಟರ್ ಮಾತ್ರ ಇದ್ದರೆ ಅದೇ ತಪ್ಪು ಶೇ 50! ಹತ್ತಿರದ ಜೋಡಿಗಳನ್ನು ನಂಬಲೇಬೇಡಿ.

ನಿಜವಾದ ತಲೆನೋವು ಬಸ್ಸಿನದು. ಕೆಲವೇ ಸೆಕೆಂಡುಗಳಲ್ಲಿ 40 ಫೋನುಗಳು ಒಟ್ಟಿಗೆ ಸೆಲ್ ಬದಲಿಸಿದರೆ ಅದು 40 ಕಾರಲ್ಲ, ಒಂದೇ ವಾಹನ ಎಂದು ಎಣಿಸಬೇಕು. ಪಕ್ಕದಲ್ಲಿ ರೈಲು ಹಳಿಯಿದ್ದರಂತೂ ರೈಲಿನೊಳಗಿನ ಫೋನುಗಳಿಂದಾಗಿ ರಸ್ತೆ ಜಾಮ್ ಆಗಿದ್ದರೂ ವೇಗ ಚೆನ್ನಾಗಿಯೇ ಕಾಣಬಹುದು. ಎರಡೇ ಸೆಲ್‌ಗಳ ನಡುವೆ ಹಿಂದೆಮುಂದೆ ಜಿಗಿಯುವ ಫೋನು ನಿಂತಲ್ಲೇ ಇರಬಹುದು, ಅದನ್ನು ಲೆಕ್ಕದಿಂದ ಬಿಡಿ.

ಪ್ರಶ್ನೆ: ಜೇಬಿನಲ್ಲಿ ಸುಮ್ಮನಿರುವ ಫೋನು?

ಉತ್ತರ: ಹಲವು ಸೆಲ್‌ಗಳ ದೊಡ್ಡ ವಲಯ ದಾಟಿದಾಗ, ಇಲ್ಲವೇ ನಿಗದಿತ ಅವಧಿಗೊಮ್ಮೆ ಮಾತ್ರ ಅದು ತಾನಿರುವ ವಲಯವನ್ನು ತಿಳಿಸುತ್ತದೆ. ಊರಿಂದೂರಿಗೆ ಹಿಡಿಯುವ ಸಮಯ ಅಂದಾಜಿಸಲು ಸಾಕು, ಟ್ರಾಫಿಕ್ ಸಿಗ್ನಲ್ ಮುಂದಿನ ವಾಹನಗಳ ಸಾಲು ಅಳೆಯಲು ಸಾಲದು.