ಗಾಳಿ ಮಂದವಾಗಿದ್ದ ದಿನ ಅಲೆ ಏಕೆ ದೊಡ್ಡದಾಗಿತ್ತು? – ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಡಿಸೆಂಬರಿನಲ್ಲಿ ಹವಾಯಿಯ ಹೊನೊಲುಲುವಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಕಂಡದ್ದನ್ನು ತಾವು ವಿವರವಾಗಿ ಬರೆದಿದ್ದೀರಿ. ಬೆಳಿಗ್ಗೆ ಆ ನಗರದ ದಕ್ಷಿಣ ದಂಡೆಯ ವೈಕಿಕಿಯಲ್ಲಿ ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದರು. ಅದೇ ಮಧ್ಯಾಹ್ನ ಅದೇ ಒವಾಹು ದ್ವೀಪದ ಉತ್ತರ ದಂಡೆಯ ವೈಮಿಯಾ ಕೊಲ್ಲಿಯಲ್ಲಿ ಎರಡಂತಸ್ತಿನ ಮನೆಯೆತ್ತರದ ಅಲೆಗಳು ಅಪ್ಪಳಿಸುತ್ತಿದ್ದವು, ಆದರೆ ತೆಂಗಿನ ಗರಿ ಅಲುಗುವಷ್ಟೂ ಗಾಳಿ ಇರಲಿಲ್ಲ. ಗಾಳಿಯೇ ಅಲೆಯನ್ನು ಎಬ್ಬಿಸುವುದಾದರೆ ಇದು ಹೇಗೆ ಸಾಧ್ಯ ಎಂಬುದು ತಮ್ಮ ಮೊದಲ ಪ್ರಶ್ನೆ. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಯುತ್ತಿರುವ ಮೊಮ್ಮಗಳೊಂದಿಗೆ ಬರುವ ಡಿಸೆಂಬರಿನಲ್ಲಿ ಮತ್ತೆ ಹೋಗುವವರಿದ್ದೀರಿ; ಗಾಳಿ ಕಡಿಮೆಯಿರುವ ದಿನ ನೋಡಿ ಅವಳನ್ನು ವೈಮಿಯಾದಲ್ಲಿ ನೀರಿಗಿಳಿಸಬಹುದೇ ಎಂಬುದು ಎರಡನೆಯದು. ಎರಡನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ದಯವಿಟ್ಟು ಇಳಿಸಬೇಡಿ. ಏಕೆಂಬುದು ಮೊದಲ ಪ್ರಶ್ನೆಯ ಉತ್ತರದಲ್ಲೇ ಇದೆ.

ಹವಾಯಿ ದ್ವೀಪಗಳ ಈಶಾನ್ಯಕ್ಕೆ, ಪೆಸಿಫಿಕ್ ಸಾಗರದ ಮೇಲೆ, ವರ್ಷದ ಬಹುಭಾಗ ಒಂದು ದೊಡ್ಡ ಅಧಿಕ ಒತ್ತಡ ಪ್ರದೇಶ ನೆಲೆನಿಂತಿರುತ್ತದೆ. ಅದರಿಂದ ಹೊರಟು ಸಮಭಾಜಕ ವೃತ್ತದ ಕಡೆಗೆ ಬೀಸುವ ಗಾಳಿಯೇ ನಾವು ಶಾಲೆಯಲ್ಲಿ ಓದಿದ ಈಶಾನ್ಯ ವಾಣಿಜ್ಯ ಮಾರುತ. ಅಲ್ಲಿನ ಬೇಸಿಗೆಯಲ್ಲಿ ಹತ್ತರಲ್ಲಿ ಎಂಟೊಂಬತ್ತು ದಿನ ಅದು ಬೀಸುತ್ತದೆ. ಚಳಿಗಾಲದಲ್ಲಿ ಆಗಾಗ ತಪ್ಪುತ್ತದೆ. ಘಟ್ಟದ ಪಶ್ಚಿಮಕ್ಕೆ ಜಡಿಮಳೆಯೂ ಪೂರ್ವಕ್ಕೆ ಒಣಭೂಮಿಯೂ ಇರುವುದನ್ನು ಕಂಡ ನಮಗೆ ಅಲ್ಲಿನ ಮಳೆಯ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ, ದಿಕ್ಕು ಮಾತ್ರ ತಿರುಗುಮುರುಗು. ಹವಾಯಿ ಎಂದೇ ಹೆಸರಿರುವ ದೊಡ್ಡ ದ್ವೀಪದಲ್ಲಿ ಗಾಳಿಗೆ ಎದುರಾದ ಹಿಲೋ ನಗರಕ್ಕೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಅದೇ ದ್ವೀಪದ ಮರೆಯಲ್ಲಿರುವ ಕವಾಯ್‌ಹೈ ಬಂದರಿನ ಸುತ್ತ 250 ಮಿ.ಮೀ. ಕೂಡ ದಾಟುವುದಿಲ್ಲ. ಸುಮಾರು ಎರಡು ಕಿ.ಮೀ. ಎತ್ತರದಲ್ಲಿ ಬೆಚ್ಚನೆಯ ಗಾಳಿಯ ಪದರವೊಂದು ಮೋಡಗಳನ್ನು ತಡೆದು ನಿಲ್ಲಿಸುವುದರಿಂದ, 4,207 ಮೀಟರ್ ಎತ್ತರದ ಮೌನಾ ಕಿಯಾ ಶಿಖರ ಒಣಗಿಯೇ ಇದ್ದು, ದೂರದರ್ಶಕಗಳಿಗೆ ಜಗತ್ತಿನ ಅತ್ಯುತ್ತಮ ತಾಣಗಳಲ್ಲಿ ಒಂದಾಗಿದೆ.

ಈ ಮಾರುತವೂ ಅಲೆ ಎಬ್ಬಿಸುತ್ತದೆ, ಸಂದೇಹವಿಲ್ಲ. ಆದರೆ ಅವು ಪೂರ್ವದ ದಂಡೆಗಳಿಗೆ ಬಡಿಯುವ, ಏಳೆಂಟು ಸೆಕೆಂಡಿಗೊಮ್ಮೆ ಒಂದರ ಹಿಂದೊಂದು ನುಗ್ಗುವ, ತಲೆಯೊಡೆದು ನೊರೆಯಾದ ಅಲೆಗಳು. ದ್ವೀಪಗಳ ನಡುವಿನ ಕಾಲುವೆಗಳಲ್ಲಿ ಗಾಳಿ ಇಕ್ಕಟ್ಟಿಗೆ ಸಿಕ್ಕಿ ಇನ್ನೂ ಬಿರುಸಾಗುತ್ತದೆ. ಮಾವಿ ಮತ್ತು ಹವಾಯಿ ದ್ವೀಪಗಳ ನಡುವಿನ ಅಲೆನುಇಹಾಹಾ ಕಾಲುವೆಯನ್ನು ದಾಟಲು ಅನುಭವಿ ನಾವಿಕರೂ ಹಿಂದೆಮುಂದೆ ನೋಡುತ್ತಾರೆ.

ತಾವು ವೈಮಿಯಾದಲ್ಲಿ ಕಂಡ ಅಲೆ ಈ ಜಾತಿಯದಲ್ಲ. ಅದು ಹುಟ್ಟಿದ್ದು ಎರಡು ಮೂರು ದಿನ ಮೊದಲು, ಸಾವಿರಾರು ಕಿ.ಮೀ. ದೂರದಲ್ಲಿ, ಜಪಾನಿಗೂ ಅಲ್ಯೂಷನ್ ದ್ವೀಪಗಳಿಗೂ ನಡುವೆ ಎದ್ದ ಚಳಿಗಾಲದ ಬಿರುಗಾಳಿಯಲ್ಲಿ. ಹೀಗೆ ಹುಟ್ಟಿದೆಡೆಯನ್ನು ಬಿಟ್ಟು ದೂರ ಸಾಗುವ ಅಲೆಗಳಿಗೆ ಸರ್ಫಿಂಗ್ ಬಲ್ಲವರು ಸ್ವೆಲ್ ಎನ್ನುತ್ತಾರೆ. 20 ಸೆಕೆಂಡಿಗೊಮ್ಮೆ ಏಳುವ ಸ್ವೆಲ್ ಗಂಟೆಗೆ ಸುಮಾರು 56 ಕಿ.ಮೀ. ವೇಗದಲ್ಲಿ ಸಾಗಿದರೆ, 10 ಸೆಕೆಂಡಿನದು ಅದರ ಅರ್ಧ ವೇಗದಲ್ಲಿ ಸಾಗುತ್ತದೆ. ಹೀಗಾಗಿ ದೂರದ ಬಿರುಗಾಳಿಯಿಂದ ಮೊದಲು ದಂಡೆ ಮುಟ್ಟುವುದು ಹೆಚ್ಚು ಬಿಡುವಿನ, ಹೆಚ್ಚು ಬಲದ ಅಲೆಯೇ. 1963ರಲ್ಲಿ ಸಾಗರವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಅಳತೆ ಕೇಂದ್ರಗಳನ್ನಿಟ್ಟು, ದಕ್ಷಿಣದ ಹಿಮಸಾಗರದ ಬಿರುಗಾಳಿಯ ಅಲೆಗಳು ಇಡೀ ಪೆಸಿಫಿಕ್ ಅನ್ನು ದಾಟುವುದನ್ನು ದಾಖಲಿಸಿದರು. ಬಿರುಗಾಳಿಯ ಸನಿಹವನ್ನು ದಾಟಿದ ಮೇಲೆ ಅವು ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿ ಬಹಳ ಕಡಿಮೆ ಎಂಬುದು ಅವರಿಗೆ ಕಂಡಿತು. ಮೇಯಿಂದ ಸೆಪ್ಟೆಂಬರಿನವರೆಗೆ ವೈಕಿಕಿಗೆ ಬರುವ ಅಲೆಗಳು ಇಂಥವೇ. ದಕ್ಷಿಣಾರ್ಧಗೋಳದಲ್ಲಿ ಚಳಿಗಾಲವಿರುವಾಗ ಹುಟ್ಟಿ, ವಾರದಷ್ಟು ಪಯಣ ಮಾಡಿ ಬಂದವು. ಡಿಸೆಂಬರಿನಲ್ಲಿ ಉತ್ತರದ ಸ್ವೆಲ್‌ಗೆ ಇಡೀ ದ್ವೀಪವೇ ಅಡ್ಡವಾಗುವುದರಿಂದ ವೈಕಿಕಿ ಶಾಂತವಾಗಿರುತ್ತದೆ.

ಇಲ್ಲೇ ತಾವು ವಿಶೇಷವಾಗಿ ಗಮನಿಸಬೇಕಾದ ವಿಷಯವಿದೆ. ಚಳಿಗಾಲದಲ್ಲಿ ಉತ್ತರದಲ್ಲಿ ದೊಡ್ಡ ಬಿರುಗಾಳಿ ಹಾದುಹೋಗುವಾಗ ಅದು ಅಧಿಕ ಒತ್ತಡ ಪ್ರದೇಶವನ್ನು ಪಕ್ಕಕ್ಕೆ ಸರಿಸುತ್ತದೆ, ವಾಣಿಜ್ಯ ಮಾರುತ ಸೊರಗುತ್ತದೆ, ದಂಡೆಯಲ್ಲಿ ಬಿಸಿಲು ಹಿತವಾಗಿರುತ್ತದೆ. ಅದೇ ಬಿರುಗಾಳಿಯೇ ಸ್ವೆಲ್ ಅನ್ನೂ ಕಳುಹಿಸಿರುತ್ತದೆ. ಎಂದರೆ ಡಿಸೆಂಬರಿನಲ್ಲಿ ಗಾಳಿ ತಗ್ಗಿರುವುದು ಕಡಲು ತಗ್ಗಿದ್ದರ ಗುರುತಲ್ಲ. ಬಹಳ ಸಲ ಅದು ತದ್ವಿರುದ್ಧದ ಗುರುತು. ಇನ್ನು ಮಾರುತ ಮರಳಿ ನೆಲದ ಕಡೆಯಿಂದ ಬೀಸತೊಡಗಿದರೆ ಅಲೆಯ ಎದುರುಮೈ ನುಣುಪಾಗಿ, ನೆಟ್ಟಗೆ ನಿಲ್ಲುತ್ತದೆ. ಪಳಗಿದ ಸರ್ಫರ್‌ಗಳು ಕಾಯುವುದು ಆ ದಿನಕ್ಕೇ.

ವೈಮಿಯಾ ನೋಡಲು ಎಷ್ಟು ಸುಂದರವೋ ಅಷ್ಟೇ ಅಪಾಯಕಾರಿ. ಅಲ್ಲಿ ಮರಳು ಇದ್ದಕ್ಕಿದ್ದಂತೆ ಇಳಿಜಾರಾಗುವುದರಿಂದ ಅಲೆ ದಂಡೆಯ ಬುಡದಲ್ಲೇ ಒಡೆದು, ಕಾಲು ನೆನೆಸಲು ನಿಂತವರನ್ನೂ ಎಳೆದೊಯ್ಯುತ್ತದೆ. ಸ್ವೆಲ್ ಗುಂಪು ಗುಂಪಾಗಿ ಬರುವುದರಿಂದ ನಡುವೆ ಹತ್ತು ನಿಮಿಷ ಕಡಲು ಸುಮ್ಮನಿದ್ದುಬಿಡುವುದುಂಟು. ಹೊಸಬರು ಮೋಸಹೋಗುವುದು ಆಗಲೇ. ಉತ್ತರ ದಂಡೆಯ ಮೊದಲ ಜೀವರಕ್ಷಕ ಎಡ್ಡಿ ಐಕಾವ್ 1968ರಿಂದ ಇಲ್ಲಿ ನೂರಾರು ಮಂದಿಯನ್ನು ಬದುಕಿಸಿದರು. 1978ರಲ್ಲಿ ಹೊಕುಲೆಯಾ ಎಂಬ ದೋಣಿ ಮಗುಚಿಕೊಂಡಾಗ, ಸಹಾಯ ತರಲು ಸರ್ಫ್ ಹಲಗೆಯ ಮೇಲೆ ಹೊರಟ ಅವರು ಮರಳಿ ಬರಲಿಲ್ಲ. ಅವರ ಹೆಸರಿನ ಸ್ಪರ್ಧೆ ಈ ಕೊಲ್ಲಿಯಲ್ಲಿ ನಡೆಯಬೇಕಾದರೆ ಅಲೆಯ ಎದುರುಮೈ ಸುಮಾರು 40 ಅಡಿ ಮುಟ್ಟಬೇಕು. ಎಷ್ಟೋ ವರ್ಷ ಅದು ನಡೆಯುವುದೇ ಇಲ್ಲ. ಅಲ್ಲಿನ ಹಳಬರು ಅಲೆಯನ್ನು ಎದುರುಮೈಯ ಸುಮಾರು ಅರ್ಧದಷ್ಟಾಗಿ ಲೆಕ್ಕಹಾಕುವ ರೂಢಿ ಇದೆ ಎಂಬುದನ್ನೂ ನೆನಪಿಡಿ. ಅವರು ಹತ್ತು ಅಡಿ ಎಂದರೆ ಕಣ್ಣೆದುರು ನಿಲ್ಲುವುದು ಇಪ್ಪತ್ತು ಅಡಿ.

ನಮ್ಮ ಕರಾವಳಿಗೂ ಇದು ಹೊಸದಲ್ಲ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳ ಸ್ವೆಲ್ ಏಪ್ರಿಲ್–ಮೇ ತಿಂಗಳ ನಿರ್ಮಲ ದಿನಗಳಲ್ಲೇ ಕೇರಳದ ದಂಡೆಗೆ ನುಗ್ಗುವುದನ್ನು ಅಲ್ಲಿನ ಮೀನುಗಾರರು ಕಳ್ಳಕ್ಕಡಲ್ ಎನ್ನುತ್ತಾರೆ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಕರ್ನಾಟಕದ ಕರಾವಳಿಗೂ ಇದರ ಎಚ್ಚರಿಕೆ ಕೊಡುತ್ತದೆ.

ಆದ್ದರಿಂದ ಮೊಬೈಲಿನಲ್ಲಿ ಗಾಳಿ ಮತ್ತು ಮಳೆಯನ್ನಷ್ಟೇ ನೋಡಿ ಹೊರಡಬೇಡಿ. ಹೊನೊಲುಲುವಿನ ಹವಾಮಾನ ಕಚೇರಿ ಉತ್ತರ, ಪಶ್ಚಿಮ, ಪೂರ್ವ, ದಕ್ಷಿಣದ ದಂಡೆಗಳಿಗೆ ಬೇರೆ ಬೇರೆಯಾಗಿ ಅಲೆಯ ಮುನ್ಸೂಚನೆ ಕೊಡುತ್ತದೆ; ಅದರಲ್ಲಿ ಸ್ವೆಲ್ ಬರುವ ದಿಕ್ಕನ್ನೂ ಎಷ್ಟು ಸೆಕೆಂಡಿಗೊಮ್ಮೆ ಎಂಬುದನ್ನೂ ನೋಡಿ. ವಾಯವ್ಯದಿಂದ 14 ಸೆಕೆಂಡಿಗಿಂತ ಹೆಚ್ಚು ಬಿಡುವಿನ ಸ್ವೆಲ್ ಬರಲಿದೆ ಎಂದಿದ್ದರೆ ಉತ್ತರ ದಂಡೆಯಲ್ಲಿ ಒಣ ಮರಳಿನ ಮೇಲೆ, ಜೀವರಕ್ಷಕರು ಹೇಳಿದಷ್ಟು ದೂರದಲ್ಲಿ ನಿಂತು ನೋಡುವುದಷ್ಟೇ ಸರಿ. ಮೊಮ್ಮಗಳ ಸರ್ಫಿಂಗಿಗೆ ಡಿಸೆಂಬರಿನಲ್ಲಿ ವೈಕಿಕಿಯ ಸಣ್ಣ ಅಲೆಗಳು ಹೇಳಿಮಾಡಿಸಿದಂತಿವೆ, ಆದರೂ ಅಲ್ಲಿನ ತರಬೇತುದಾರರೊಬ್ಬರು ಜೊತೆಗಿರಲಿ. ವೈಮಿಯಾದಲ್ಲೇ ಅವಳು ಈಜಬೇಕೆಂಬ ಆಸೆ ಇದ್ದರೆ ಪ್ರವಾಸವನ್ನು ಜೂನ್ ಅಥವಾ ಜುಲೈಗೆ ಇಟ್ಟುಕೊಳ್ಳಿ. ಆಗ ಅದೇ ಕೊಲ್ಲಿ ಬಹುತೇಕ ದಿನ ಕೆರೆಯ ಹಾಗೆ ಸಪಾಟಾಗಿರುತ್ತದೆ.

– ಸಂಪಾದಕ