ಗೂಬೆ ಕೂತದ್ದಾ, ಕೂರಿಸಿದ್ದಾ?

ಪ್ರಶ್ನೆ: ‘ನನ್ನ ಮೇಲೆ ಗೂಬೆ ಕೂರಿಸಬೇಡಿ’ ಎಂದು ಫೋನಿನಲ್ಲಿ ಯಾರಿಗೋ ರೇಗಿದೆ. ಪಕ್ಕದಲ್ಲಿದ್ದ ಮೊಮ್ಮಗಳು ನನ್ನ ತಲೆ, ಹೆಗಲು ಎಲ್ಲ ನೋಡಿ ‘ಎಲ್ಲಿ ಅಜ್ಜಿ ಗೂಬೆ?’ ಎಂದಳು. ದಡ್ಡರನ್ನೂ ಗೂಬೆ ಅಂತೀವಲ್ಲ. ಎರಡೂ ಒಂದೇ ಗೂಬೆಯಾ?

ಉತ್ತರ: ಹಕ್ಕಿ ಒಂದೇ ಅಮ್ಮ, ಮಾತು ಬಂದ ದಾರಿ ಬೇರೆ.

ದಡ್ಡ ಎಂಬ ಅರ್ಥ ಮುಖ ನೋಡಿ ಬಂದದ್ದು ಅಂತ ನನ್ನ ಲೆಕ್ಕ. ಗೂಬೆಗೆ ನಮ್ಮ ಹಾಗೆ ಕಣ್ಣುಗುಡ್ಡೆ ಹೊರಳಿಸಲು ಬರುವುದಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಇಡೀ ತಲೆಯನ್ನೇ ತಿರುಗಿಸಬೇಕು. 270 ಡಿಗ್ರಿವರೆಗೂ ತಿರುಗಿಸುತ್ತದೆ! ಹಗಲಲ್ಲಿ ಎದುರು ಸಿಕ್ಕರೆ ಸುಮ್ನೆ ಕಣ್ಣರಳಿಸಿ ಕೂತಿರುತ್ತದೆ, ಲೆಕ್ಕ ಅರ್ಥವಾಗದ ಹುಡುಗ ಮೇಷ್ಟ್ರನ್ನು ನೋಡುವ ಹಾಗೆ. ರಾತ್ರಿ ಅದೇ ಗೂಬೆ ರೆಕ್ಕೆಯ ಸದ್ದೂ ಇಲ್ಲದೆ ಬಂದು ಇಲಿ ಎತ್ತಿಕೊಂಡು ಹೋಗುವುದನ್ನು ನಾವು ನೋಡುವುದಿಲ್ಲ, ನಿದ್ದೆ ಮಾಡುತ್ತಿರುತ್ತೇವೆ. ಅಂದ ಹಾಗೆ, ‘ಲೇ ಗೂಬೆ’ ಎಂದು ಗೆಳತಿ ಕರೆದರೆ ಅದು ಸಲುಗೆ. ಹಿಂದೆ ‘ನನ್ಮಗ’ ಸೇರಿದರೆ ಮಾತ್ರ ಜಗಳ ಗ್ಯಾರಂಟಿ.

ಇನ್ನು ಕೂರಿಸುವ ಗೂಬೆ. ಮನೆ ಮೇಲೆ ಗೂಬೆ ಕೂತರೆ ಆ ಮನೆಗೆ ಕೇಡು ಎಂದು ಹಿಂದಿನವರು ನಂಬಿದ್ದರು. ಇಲ್ಲಿ ಕ್ರಿಯಾಪದ ನೋಡಿ. ಗೂಬೆ ತಾನಾಗಿ ‘ಕೂತರೆ’ ಅಪಶಕುನ. ಯಾರೋ ತಂದು ‘ಕೂರಿಸಿದರೆ’ ಸುಳ್ಳು ಆರೋಪ. ‘ಇಸು’ ಸೇರಿದ್ದೇ ತಡ, ತಪ್ಪು ಹಕ್ಕಿಯಿಂದ ಮನುಷ್ಯನಿಗೆ ಬಂತು.

ನನಗೂ ಕೂರಿಸಿದ್ದಾರೆ. ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದಾಗ ಲಗ್ನಪತ್ರಿಕೆಯಲ್ಲಿ ಗುರುವಾರ ಹೋಗಿ ಶುಕ್ರವಾರವಾಗಿತ್ತು. ನಾನು ಆ ಹಾಳೆಯನ್ನು ನೋಡಿಯೇ ಇರಲಿಲ್ಲ, ಅವತ್ತು ರಜೆಯಲ್ಲಿದ್ದೆ. ಮರುದಿನ ಹೋಗುವಷ್ಟರಲ್ಲಿ ಗೂಬೆ ನನ್ನ ಕುರ್ಚಿಯಲ್ಲೇ ಕಾಯುತ್ತಿತ್ತು! ಮದುವೆ ಮನೆಯವರು ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ನಿಂತವನು ನಾನೇ.

ಮೊಮ್ಮಗಳಿಗೆ ಇನ್ನೊಂದನ್ನೂ ಹೇಳಿ. ಬುಡಬುಡಿಕೆಯವರು ಬಾಗಿಲಲ್ಲಿ ನಿಂತು ‘ಹಾಲಕ್ಕಿ ನುಡೀತೈತೆ’ ಎಂದು ಶುಭ ಹೇಳುತ್ತಾರಲ್ಲ, ಆ ಹಾಲಕ್ಕಿ ಮೈಮೇಲೆ ಬಿಳಿ ಚುಕ್ಕೆಗಳಿರುವ ಒಂದು ಪುಟ್ಟ ಗೂಬೆ. ಅದೇ ಜಾತಿ, ಅದೇ ಕಣ್ಣು. ಆದರೂ ‘ಲೇ ಹಾಲಕ್ಕಿ’ ಎಂದು ಯಾರಾದರೂ ಬೈದದ್ದನ್ನು ನಾನಂತೂ ಇದುವರೆಗೆ ಕೇಳಿಲ್ಲ.